ಗುರುತು ಸಿಗದ ಗೆಳೆಯ

ಜೆ.ಪಿ. ನಗರದ ನಮ್ಮ ಮನೆಯಲ್ಲಿ ಸಂಗೀತ ಅಂದರೆ ಭಾವಗೀತೆ, ಇಲ್ಲವೇ ರಾಮನವಮಿ ಕಛೇರಿ. ಒಂಬತ್ತನೇ ಕ್ಲಾಸಿನ ಮೊಮ್ಮಗ ಗಿಟಾರ್ ಹಿಡಿದ ಮೇಲೆ ಅದು ಕೆಟ್ಟಿತು. ಮೊನ್ನೆ ಭಾನುವಾರ ‘ತಾತ, 44 ನಿಮಿಷ ಸುಮ್ಮನೆ ಕೂತ್ಕೋತೀರಾ?’ ಎಂದು ಕೇಳಿ, ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದ ‘ವಿಶ್ ಯು ವರ್ ಹಿಯರ್’ ಹಾಕಿದ. 1975ರ ಆಲ್ಬಂ. ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎನ್ನುತ್ತಾರೆ.

2002ರಲ್ಲಿ ಈ ತಂಡದ ಹಳಬ ರೋಜರ್ ವಾಟರ್ಸ್ ನಮ್ಮ ಅರಮನೆ ಮೈದಾನಕ್ಕೆ ಹಾಡಲು ಬಂದಾಗ ಮಗ ಹೋಗಿದ್ದ. ‘ಗದ್ದಲಕ್ಕೆ ದುಡ್ಡು ಯಾಕೋ, ರಸ್ತೇಲಿ ಪುಕ್ಕಟೆ ಸಿಗುತ್ತೆ’ ಎಂದು ರೇಗಿಸಿದ್ದೆ. ಆ ಮಾತು ಈಗ ವಾಪಸ್. ಪೂರ್ತಿ ಅಲ್ಲ.

ಮೊದಲ ಹಾಡು 13 ನಿಮಿಷಕ್ಕೂ ಹೆಚ್ಚು. 8 ನಿಮಿಷ ಕಳೆದರೂ ಯಾರೂ ಬಾಯಿ ಬಿಡುವುದಿಲ್ಲ. ಆಲಾಪನೆ ಕೇಳಿ ಬೆಳೆದ ಅಜ್ಜ ಅಜ್ಜಿಯರಿಗೆ ಇದೇನೂ ಕಷ್ಟವಲ್ಲ. ನಡುವೆ ಗಿಟಾರಿನಲ್ಲಿ ನಾಲ್ಕೇ ಸ್ವರ, ಮತ್ತೆ ಮತ್ತೆ. ಯಾರನ್ನೋ ದೂರದಿಂದ ಕರೆದ ಹಾಗೆ.

ಕರೆಯುವುದು ಸಿಡ್ ಬ್ಯಾರೆಟ್‌ನನ್ನು. ತಂಡ ಕಟ್ಟಿದವರಲ್ಲಿ ಒಬ್ಬ, ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ದೂರವಾದ. 1975ರ ಜೂನ್ 5ರಂದು ಲಂಡನ್ನಿನ ಸ್ಟುಡಿಯೋದಲ್ಲಿ ಇದೇ ಹಾಡಿನ ಕೆಲಸ ನಡೆದಿದ್ದಾಗ ದಪ್ಪಗಿನ ಮನುಷ್ಯನೊಬ್ಬ ಒಳಗೆ ಬಂದ. ತಲೆಯ ಜೊತೆ ಹುಬ್ಬನ್ನೂ ಬೋಳಿಸಿಕೊಂಡಿದ್ದ. ಸಿಡ್! ಗೆಳೆಯರಿಗೆ ಗುರುತೇ ಸಿಗಲಿಲ್ಲ. ಸಿಕ್ಕಾಗ ವಾಟರ್ಸ್ ಅತ್ತುಬಿಟ್ಟರು.

ನನಗೆ ಹಿಡಿಸದ್ದು ನಡುವಿನ ಎರಡು ಹಾಡು. ಯಂತ್ರದ ಗರಗರ, ಸಂಗೀತ ಮಾರುವ ಕಂಪನಿಗಳ ಮೇಲೆ ಸಿಟ್ಟು. ಗೆಳೆಯನನ್ನು ನೆನೆಯುತ್ತಾ ಕೂತವರು ಇದ್ದಕ್ಕಿದ್ದಂತೆ ಯೂನಿಯನ್ ಮೀಟಿಂಗ್ ಶುರು ಮಾಡಿದ ಹಾಗೆ! ಮೊಮ್ಮಗ ಒಪ್ಪಲಿಲ್ಲ. ‘ಆ ಗಲಾಟೇಲೇ ತಾನೇ ತಾತ, ಅವರು ಗೆಳೆಯನ್ನ ಮರೆತಿದ್ದು?’ ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲಿನದು ಆಲ್ಬಂ ಹೆಸರಿನದೇ ಹಾಡು. ಪಕ್ಕದ ಮನೆಯ ರೇಡಿಯೋದಿಂದ ಬಂದಂತೆ ಸಣ್ಣಗೆ ಒಂದು ಗಿಟಾರ್, ಅದಕ್ಕೆ ಜೊತೆಯಾಗಿ ಇಲ್ಲೇ ನಮ್ಮ ಕೋಣೆಯಲ್ಲಿ ಕೂತಂತೆ ಇನ್ನೊಂದು. ಅಲ್ಲಿಗೇ ಮುಗಿಸಬಹುದಿತ್ತು. ಮೊದಲ ಹಾಡಿನ ಉಳಿದ ಭಾಗ ಇನ್ನೂ 12 ನಿಮಿಷ ಎಳೆಯಿತು, ಆಕಳಿಸಿದೆ. ಆದರೆ ತೀರಾ ಕೊನೆಯಲ್ಲಿ ಸಿಡ್ ಬರೆದ ಹಳೆಯ ಹಾಡೊಂದರ ಧಾಟಿ ಮೆಲ್ಲಗೆ ಇಣುಕಿ ಹೋಗುತ್ತದೆ, ಮೊಮ್ಮಗ ತೋರಿಸಿಕೊಟ್ಟ.

ಅವನಿಗೆ ಆಗ ಒಂದು ವಿಷಯ ಹೇಳಿದೆ. ನವೆಂಬರಿನಲ್ಲಿ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ಸಾಲಿನಲ್ಲಿ ಹಿಂದಿದ್ದವರು ಪೆನ್ನು ಕೇಳಿದರು. ಕೊಟ್ಟೆ, ವಾಪಸ್ ಇಸಕೊಂಡು ಹೊರಟೆ. ಒಳಗೆ ಅವರ ಹೆಸರು ಕೂಗಿದ್ದು ಮೆಟ್ಟಿಲಲ್ಲಿ ಕೇಳಿಸಿತು. 11 ವರ್ಷ ಪಕ್ಕದ ಮೇಜು, ಒಂದೇ ಡಬ್ಬಿಯ ಚಿತ್ರಾನ್ನ. ನಾಚಿಕೆಯಾಗಿ ನಾನು ಹಿಂದಿರುಗಲಿಲ್ಲ.

ಮೊಮ್ಮಗ ಏನೂ ಹೇಳದೆ ಫೋನ್ ತಂದು ಕೈಗಿಟ್ಟ. ಹಳೇ ಡೈರಿಯಲ್ಲಿರುವುದು ಆರಂಕಿಯ ನಂಬರು, ಈಗ ತಾಗುವುದಿಲ್ಲ. ಬನಶಂಕರಿಯ ವಿಳಾಸ ಮಾತ್ರ ಇದೆ. ಈ ಭಾನುವಾರ ಇಬ್ಬರೂ ಹೊರಟಿದ್ದೇವೆ. ಗಿಟಾರ್ ತರಲಾ ಎಂದು ಕೇಳಿದ. ಬೇಡ, ಚಿತ್ರಾನ್ನ ಸಾಕು ಎಂದೆ.