ದೂರಿಗೂ ಅಳತೆ ಬೇಕು

ಅಂಗಡಿಯಲ್ಲಿ ಸಿದ್ಧವಾಗಿರುವ ವಸ್ತುವನ್ನು ಕೊಳ್ಳುವಾಗ ನಾವು ಅದನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ, ಒಪ್ಪಿಗೆಯಾದರೆ ಮಾತ್ರ ಹಣ ಕೊಡುತ್ತೇವೆ. ಹೇಳಿ ಮಾಡಿಸುವ ವಸ್ತುವಿನ ಸಂಗತಿ ಹಾಗಲ್ಲ. ಮುಂಗಡ ಕೊಡುವ ಹೊತ್ತಿಗೆ ಆ ವಸ್ತು ಇನ್ನೂ ಹುಟ್ಟಿಯೇ ಇರುವುದಿಲ್ಲ. ಮಾಡಿಸುವವನ ಮನಸ್ಸಿನಲ್ಲಿ ಒಂದು ಚಿತ್ರ, ಮಾಡುವವನ ಮನಸ್ಸಿನಲ್ಲಿ ಇನ್ನೊಂದು ಚಿತ್ರ. ಈ ಎರಡರ ನಡುವಣ ಅಂತರವೇ ಮುಂದೆ ಜಗಳವಾಗಿ ಪರಿಣಮಿಸುತ್ತದೆ. ಅಂಥ ಜಗಳವನ್ನು ತೀರಿಸಲು ಏರುದನಿಗಿಂತ ಅಳತೆಪಟ್ಟಿಯೇ ಹೆಚ್ಚು ಸಮರ್ಥವೆಂಬುದು ನಮ್ಮ ಅಭಿಪ್ರಾಯ. ಕಳೆದ ಬೇಸಿಗೆಯ ರಜೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಂಡ ಒಂದು ಪ್ರಸಂಗ ಇದಕ್ಕೆ ಆಧಾರ.

ಹೂಸ್ಟನ್ ನಗರದ ಹೊರವಲಯದಲ್ಲಿ ನಮ್ಮ ಬಾಲ್ಯದ ಸಹಪಾಠಿಯೊಬ್ಬ ಇಂಜಿನಿಯರಾಗಿ ನೆಲೆಸಿದ್ದಾನೆ. ಅವನು ಅಲ್ಲಿನ ಬೆಸುಗೆ ಕೆಲಸದ ಅಂಗಡಿಯೊಂದರಲ್ಲಿ ‘ಆಫ್‌ಸೆಟ್ ಸ್ಮೋಕರ್’ ಎಂಬ ಹೊಗೆಯೊಲೆಯನ್ನು ಹೇಳಿ ಮಾಡಿಸಿದ್ದ. ಅರ್ಧ ಹಣ ಮುಂಗಡ, ಉಳಿದುದು ಒಲೆ ಮನೆಗೆ ಬಂದ ದಿನ. ಮೂರು ತಿಂಗಳೆಂದು ಹೇಳಿದ್ದ ಕೆಲಸಕ್ಕೆ ಐದು ತಿಂಗಳು ಹಿಡಿಯಿತು. ನಾವು ಅಲ್ಲಿಗೆ ಹೋದಾಗ ಒಲೆಯೇನೋ ಹಿತ್ತಿಲಲ್ಲಿ ನಿಂತಿತ್ತು. ಮನೆಯಲ್ಲಿ ಮಾತ್ರ ನೆಮ್ಮದಿಯಿರಲಿಲ್ಲ.

ಈ ಒಲೆಯ ರಚನೆಯನ್ನು ಮೊದಲು ತಿಳಿಯೋಣ. ಅಡ್ಡಲಾಗಿ ಮಲಗಿಸಿದ ದಪ್ಪ ಉಕ್ಕಿನ ಉರುಳೆಯೊಂದು ಅಡುಗೆಯ ಕೊಠಡಿ. ಅದರ ಒಂದು ತುದಿಗೆ, ತುಸು ಕೆಳಗೆ, ಸೌದೆ ಉರಿಯುವ ಗೂಡು. ಇನ್ನೊಂದು ತುದಿಗೆ ಹೊಗೆಕೊಳವೆ. ಮಾಂಸವು ಬೆಂಕಿಯ ಮೇಲಿರುವುದಿಲ್ಲ, ಪಕ್ಕದಲ್ಲಿರುತ್ತದೆ. ಬಿಸಿಗಾಳಿಯೂ ಹೊಗೆಯೂ ಅದನ್ನು ಸವರಿಕೊಂಡು ಕೊಳವೆಯಿಂದ ಹೊರಬೀಳುತ್ತವೆ. ಸ್ಪಿಂಡಲ್‌ಟಾಪ್ ಎಂಬಲ್ಲಿ 1901ರಲ್ಲಿ ತೈಲ ಚಿಮ್ಮಿದ ಮೇಲೆ ಟೆಕ್ಸಾಸ್ ತೈಲೋದ್ಯಮದ ನಾಡಾಯಿತು. ದಪ್ಪ ಕೊಳವೆಗಳಿಗೂ ಹಳೆಯ ಅನಿಲದ ತೊಟ್ಟಿಗಳಿಗೂ ಬೆಸುಗೆ ಬಲ್ಲ ಕೈಗಳಿಗೂ ಅಲ್ಲಿ ಬರವಿಲ್ಲ. ಆಸ್ಟಿನ್ ನಗರದಲ್ಲಿ 2009ರಲ್ಲಿ ಸಣ್ಣ ಬಂಡಿಯೊಂದರಲ್ಲಿ ವ್ಯಾಪಾರ ತೊಡಗಿದ ಏರನ್ ಫ್ರಾಂಕ್ಲಿನ್ ಎಂಬವರು 2015ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿಯನ್ನು ಪಡೆದುದು ಇಂಥ ಒಲೆಗಳಲ್ಲಿ ಬೇಯಿಸಿದ ಅಡುಗೆಗೇ. ನಾವು ಸಸ್ಯಾಹಾರಿಗಳಾದುದರಿಂದ ರುಚಿಯ ವಿಷಯದಲ್ಲಿ ಸಾಕ್ಷಿ ನುಡಿಯಲಾರೆವು. ಭೌತವಿಜ್ಞಾನದ ಮಟ್ಟಿಗೆ ನುಡಿಯಬಲ್ಲೆವು.

ಆ ನಾಡಿನ ಪ್ರಸಿದ್ಧ ಖಾದ್ಯವಾದ ಬ್ರಿಸ್ಕೆಟ್ ದನದ ಎದೆಯ ಭಾಗದ ಗಡುಸಾದ ಮಾಂಸ. ಅದರಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಉಷ್ಣತೆಯಲ್ಲಿ ಮೆಲ್ಲಮೆಲ್ಲನೆ ಜಿಲಟಿನ್ ಆಗಿ ಮಾರ್ಪಟ್ಟು ಮೆತ್ತಗಾಗುತ್ತದೆ. ಇದಕ್ಕೆ ಹತ್ತು ಹನ್ನೆರಡು ಗಂಟೆಗಳು ಹಿಡಿಯುವುದುಂಟು. ಅಷ್ಟು ಹೊತ್ತೂ ಒಲೆಯ ಗಾಳಿಯ ಉಷ್ಣತೆ 110ರಿಂದ 135 ಡಿಗ್ರಿಗಳ ನಡುವೆ ನಿಲ್ಲಬೇಕು. ಉರಿ ಹೆಚ್ಚಿದರೆ ಹೊರಗೆ ಕರಿಕಾಗಿ ಒಳಗೆ ಗಟ್ಟಿಯಾಗಿ ಉಳಿಯುತ್ತದೆ. ಉರಿ ಉಸಿರುಗಟ್ಟಿದರೆ ಸೌದೆ ಪೂರ್ತಿ ಉರಿಯದೆ, ದಟ್ಟವಾದ ಬಿಳಿಹೊಗೆ ಎದ್ದು ಅಡುಗೆ ಕಹಿಯಾಗುತ್ತದೆ. ಆದುದರಿಂದ ಗಾಳಿಯನ್ನು ಹತೋಟಿಯಲ್ಲಿಡುವುದೇ ಈ ಒಲೆಯ ಜೀವಾಳ.

ಈ ಗಾಳಿಯನ್ನು ಎಳೆಯುವ ಬಲವೆಷ್ಟು? ಹೊರಗಿನ ಗಾಳಿ 30 ಡಿಗ್ರಿ, ಹೊಗೆಕೊಳವೆಯೊಳಗಿನದು 120 ಡಿಗ್ರಿ ಎಂದಿಟ್ಟುಕೊಂಡರೆ, ಒಂದು ಘನಮೀಟರಿನ ತೂಕದಲ್ಲಿ ಸುಮಾರು 260 ಗ್ರಾಮುಗಳ ವ್ಯತ್ಯಾಸ ಬರುತ್ತದೆ. ಒಂದು ಮೀಟರ್ ಎತ್ತರದ ಕೊಳವೆಯಲ್ಲಿ ಇದರಿಂದ ಉಂಟಾಗುವ ಒತ್ತಡ ಎರಡೂವರೆ ಪಾಸ್ಕಲ್‌ಗಳಷ್ಟು ಮಾತ್ರ. ಎಂದರೆ ಕಾಲು ಮಿಲಿಮೀಟರ್ ಎತ್ತರದ ನೀರಿನ ಭಾರ. ಇಷ್ಟು ಕ್ಷೀಣವಾದ ಬಲದಿಂದ ನಡೆಯುವ ಯಂತ್ರದಲ್ಲಿ ಸಣ್ಣ ಬಿರುಕೂ ದೊಡ್ಡ ಬಾಗಿಲಿಗೆ ಸಮ.

ನಮ್ಮ ಮಿತ್ರ ಕಚೇರಿಯ ಇಪ್ಪತ್ತು ಜನರನ್ನು ಊಟಕ್ಕೆ ಕರೆದಿದ್ದ. ಅಂದು ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿದರೂ ಬೆಂಕಿ ಅವನ ಮಾತು ಕೇಳಲಿಲ್ಲ. ಅಡುಗೆ ಸೀದುಹೋಯಿತು, ಅತಿಥಿಗಳೆದುರು ಮುಖಭಂಗವಾಯಿತು. ಮರುದಿನವೇ ಅವನು ಅಂಗಡಿಗೆ ಪತ್ರ ಬರೆದ. ಅದರಲ್ಲಿ ‘ಕಳಪೆ’, ‘ಮೋಸ’, ‘ಬೇಜವಾಬ್ದಾರಿ’ ಮೊದಲಾದ ಮಾತುಗಳು ಧಾರಾಳವಾಗಿದ್ದವು. ಅಂಕಿ ಒಂದೂ ಇರಲಿಲ್ಲ. ಅಂಗಡಿಯವನ ಉತ್ತರವೂ ಅದೇ ಜಾತಿಯದು: ‘ನಮ್ಮ ಬಾಗಿಲು ಸರಿಯಾಗಿಯೇ ಕೂರುತ್ತದೆ, ನಿಮಗೆ ಬೆಂಕಿ ಕಾಯಲು ಬರುವುದಿಲ್ಲ.’ ನ್ಯಾಯಾಲಯದ ಮಾತು ಬರುವ ವೇಳೆಗೆ ನಾವು ಅಲ್ಲಿಗೆ ತಲುಪಿದ್ದೆವು. “ಇನ್ನೊಂದು ಪತ್ರ ಬರೆಯುವ ಮೊದಲು ಒಂದು ದಿನ ಅಳೆದು ನೋಡೋಣ, ಆಗದೆ?” ಎಂದೆವು. ಅವನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ.

ಅವನ ದೂರುಗಳು ಮೂರು. ಉಷ್ಣತಾಮಾಪಕ ಸುಳ್ಳು ಹೇಳುತ್ತದೆ, ಉರಿಗೂಡಿನ ಬಾಗಿಲು ಸೋರುತ್ತದೆ, ಗೂಡೂ ಕೊಠಡಿಯೂ ಕೂಡುವ ಬೆಸುಗೆಯಲ್ಲಿ ಕೊಬ್ಬು ಒಸರುತ್ತದೆ.

ಉಷ್ಣತಾಮಾಪಕವನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಇಟ್ಟೆವು. ಹೂಸ್ಟನ್ ಸಮುದ್ರಮಟ್ಟಕ್ಕೆ ಸಮೀಪವಾದುದರಿಂದ ಅದು 100 ಡಿಗ್ರಿ ತೋರಿಸಬೇಕು, ಹಾಗೆಯೇ ತೋರಿಸಿತು. ಬಳಿಕ ಬೆಂಕಿ ಹಾಕಿ, ಜಾಲರಿಯ ಮಟ್ಟದಲ್ಲಿ ಮೂರು ಕಡೆ ಬೇರೆ ಮಾಪಕಗಳನ್ನಿಟ್ಟೆವು. ಉರಿಗೂಡಿನ ಬಳಿ 160, ನಡುವೆ 125, ಕೊಳವೆಯ ಬಳಿ 110. ಮುಚ್ಚಳದ ಮೇಲಿನ ಮಾಪಕದಲ್ಲಿ 135. ನಾಲ್ಕೂ ಸತ್ಯವೇ! ಒಂದೇ ಕೊಠಡಿಗೆ ಒಂದೇ ಉಷ್ಣತೆಯಿರಬೇಕೆಂಬ ನಮ್ಮ ಮಿತ್ರನ ಊಹೆಯೇ ತಪ್ಪು. ಮೊದಲನೆಯ ದೂರು ಬಿದ್ದುಹೋಯಿತು.

ಬಾಗಿಲಿನ ಕಥೆ ಇನ್ನೂ ಸ್ವಾರಸ್ಯವಾದುದು. ಒಲೆ ತಣ್ಣಗಿದ್ದಾಗ ಅದರ ಸಂದಿನಲ್ಲಿ ಅರ್ಧ ಮಿಲಿಮೀಟರಿನ ತಗಡೂ ತೂರಲಿಲ್ಲ. ಅಂಗಡಿಯವನು ಹೇಳಿದ್ದು ನಿಜ. ಉರಿ ಏರಿ ಒಂದು ಗಂಟೆ ಕಳೆದ ಮೇಲೆ ನೋಡಿದರೆ ಮೇಲಂಚಿನ ನಡುವೆ 3 ಮಿಲಿಮೀಟರ್ ಸಂದು. ಎರಡು ಕಡೆಗೂ ಕಿರಿದಾಗುತ್ತ ಅದು 40 ಸೆಂಟಿಮೀಟರ್ ಉದ್ದಕ್ಕೆ ಹಬ್ಬಿತ್ತು. ಒಟ್ಟು ವಿಸ್ತೀರ್ಣ ಸುಮಾರು 8 ಚದರ ಸೆಂಟಿಮೀಟರ್. 3 ಸೆಂಟಿಮೀಟರಿಗಿಂತ ದೊಡ್ಡ ವ್ಯಾಸದ ತೂತೊಂದನ್ನು ಕೊರೆದಿಟ್ಟಂತಾಯಿತು. ನಮ್ಮ ಮಿತ್ರ ಹೇಳಿದ್ದೂ ನಿಜ.

ಇದು ಹೇಗೆ? ಒಂದು ಡಿಗ್ರಿ ಬಿಸಿಯೇರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. 50 ಸೆಂಟಿಮೀಟರ್ ಉದ್ದದ ಪಟ್ಟಿಯು ತನ್ನ ಚೌಕಟ್ಟಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೆ ಹಿಗ್ಗುವುದು 0.6 ಮಿಲಿಮೀಟರ್ ಮಾತ್ರ. ಆದರೆ ಅದರ ಎರಡು ತುದಿಗಳನ್ನೂ ಅಲುಗದಂತೆ ಹಿಡಿದಿದ್ದರೆ, ಆ ಹೆಚ್ಚಿನ ಉದ್ದಕ್ಕೆ ಸ್ಥಳವಿಲ್ಲದೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಲೆಕ್ಕ ಹಾಕಿ ನೋಡಿದರೆ ನಡುವಿನ ಉಬ್ಬು ಸುಮಾರು ಒಂದು ಸೆಂಟಿಮೀಟರ್! ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಿಸಬಹುದು. ಬಾಗಿಲಿನ ಅಂಚುಗಳು ಅಷ್ಟು ಬಿಗಿಯಾಗಿ ಸಿಕ್ಕಿಕೊಂಡಿರುವುದಿಲ್ಲ. ಆದರೂ ನಡುಭಾಗ ಕಾದು ಅಂಚು ತಂಪಾಗಿರುವಾಗ 3 ಮಿಲಿಮೀಟರ್ ಸೊಟ್ಟಗಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೂರನೆಯ ದೂರಿಗೆ ಕತ್ತಲೆಯೇ ಸಾಕ್ಷಿಯಾಯಿತು. ಒಲೆ ಆರಿದ ಮೇಲೆ, ರಾತ್ರಿ, ಉರಿಗೂಡಿನೊಳಗೆ ದೀಪವಿಟ್ಟು ನೋಡಿದಾಗ ಬೆಸುಗೆಯ ಸಾಲಿನಲ್ಲಿ ಎರಡು ಚುಕ್ಕೆಗಳು ಮಿನುಗಿದವು. ಅವನ್ನು ಸೀಮೆಸುಣ್ಣದಿಂದ ಗುರುತಿಸಿದೆವು.

ಎರಡನೆಯ ಪತ್ರ ಒಂದೇ ಪುಟದ್ದು. ಅದರಲ್ಲಿ ವಿಶೇಷಣಗಳಿರಲಿಲ್ಲ, ಮೇಲಿನ ಅಂಕಿಗಳೂ, ಮಾಪಕದ ದೂರನ್ನು ಹಿಂತೆಗೆದುಕೊಂಡಿದ್ದೇವೆಂಬ ಮಾತೂ, ಬೆಂಕಿ ಉರಿಯುತ್ತಿರುವಾಗ ಬಂದು ನೋಡಬೇಕೆಂಬ ವಿನಂತಿಯೂ ಇದ್ದವು. ಮೂರನೆಯ ದಿನವೇ ಅಂಗಡಿಯವನು ತಾನಾಗಿ ಬಂದ. ಬಿಸಿಯಾದ ಬಾಗಿಲಿನ ಸಂದಿನಲ್ಲಿ ತಗಡನ್ನು ತನ್ನ ಕೈಯಿಂದಲೇ ತೂರಿಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದ. ಬೆನ್ನಿಗೆ ಪಟ್ಟಿಗಳನ್ನು ಬೆಸೆದು ಬಲಪಡಿಸಿದ ಹೊಸ ಬಾಗಿಲನ್ನೂ ಎರಡು ತೂತುಗಳ ಬೆಸುಗೆಯನ್ನೂ ತನ್ನ ಖರ್ಚಿನಲ್ಲಿ ಮಾಡಿಕೊಟ್ಟ. ಶಾಖವನ್ನು ಹಂಚಲು ಜಾಲರಿಯ ಕೆಳಗೆ ಹಾಕಿಸಿದ ಉಕ್ಕಿನ ಫಲಕಕ್ಕೆ ನಮ್ಮ ಮಿತ್ರ ಬೇರೆಯಾಗಿ ಹಣ ಕೊಟ್ಟ; ಅದು ಕೆಲಸದ ದೋಷವಲ್ಲ, ಮೊದಲು ಕೇಳದೆ ಬಿಟ್ಟಿದ್ದ ಅನುಕೂಲ. ದೋಷಕ್ಕೂ ಅಪೇಕ್ಷೆಗೂ ಇರುವ ಈ ಭೇದವನ್ನು ಅಂಕಿಗಳು ತೋರಿಸಿಕೊಟ್ಟವು. ಕೋಪಕ್ಕೆ ಅದು ಕಾಣುತ್ತಿರಲಿಲ್ಲ.

ಹಣ ಕೊಟ್ಟವನೇ ಅಳತೆಯ ಶ್ರಮವನ್ನೂ ಏಕೆ ಹೊರಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಬೆಂಕಿಗಾಗಿ ಮಾಡಿದ ವಸ್ತುವನ್ನು ಬೆಂಕಿಯಲ್ಲಿಟ್ಟು ನೋಡದೆ ಕಳುಹಿಸಿದುದು ಅಂಗಡಿಯವನ ಕರ್ತವ್ಯಲೋಪವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕುಶಲಕರ್ಮಿಯಾದವನು ತನ್ನ ಕೆಲಸವನ್ನು ತಾನೇ ಮೊದಲು ಪರೀಕ್ಷಿಸತಕ್ಕದ್ದು. ಆದರೆ ಆರ್ಡರಿನ ಕಾಗದದಲ್ಲಿ ನಮ್ಮ ಮಿತ್ರ ಬರೆದುಕೊಟ್ಟಿದ್ದಾದರೂ ಏನು? ಉದ್ದ, ಅಗಲ, ಬಣ್ಣ. ಇಷ್ಟು ಉಷ್ಣತೆಯಲ್ಲಿ ಇಷ್ಟು ಹೊತ್ತು ಉರಿಸಿ ತೋರಿಸಬೇಕು, ಆಗ ಸಂದು ಇಷ್ಟಕ್ಕಿಂತ ಹೆಚ್ಚಿರಬಾರದು, ಅನಂತರವೇ ಉಳಿದ ಹಣ ಎಂದು ಎರಡು ಸಾಲು ಬರೆದಿದ್ದರೆ ಇಪ್ಪತ್ತು ಜನರ ಊಟ ಕೆಡುತ್ತಿರಲಿಲ್ಲ. ವಸ್ತು ಹೇಗೆ ಕಾಣಬೇಕೆಂಬುದನ್ನು ಎಲ್ಲರೂ ಹೇಳುತ್ತಾರೆ. ಅದು ಹೇಗೆ ನಡೆಯಬೇಕೆಂಬುದನ್ನು ಬರೆದುಕೊಡುವವರು ವಿರಳ.

ನಮ್ಮ ಪ್ರಯೋಗಶಾಲೆಯಲ್ಲಿ ‘ನೀರು ಚೆನ್ನಾಗಿ ಬಿಸಿಯಾಯಿತು’ ಎಂದು ಬರೆದುತಂದ ವಿದ್ಯಾರ್ಥಿಯ ಪುಸ್ತಕವನ್ನು ನಾವು ಹಿಂದಿರುಗಿಸುತ್ತೇವೆ. ಅದು ನಮ್ಮ ಹಟವೆಂದು ಕೆಲವರು ಮುನಿಯುವುದುಂಟು. ನಾಳೆ ನೀವು ಮನೆಗೆ ಕಿಟಕಿಯ ಸರಳೋ ಹಿತ್ತಿಲಿನ ಗೇಟೋ ಮಾಡಿಸಲು ಹೊರಡುತ್ತೀರಿ. ಆಗ ಒಂದು ಅಳತೆಪಟ್ಟಿಯನ್ನೂ ಒಂದು ಹಾಳೆ ಕಾಗದವನ್ನೂ ಜೊತೆಗೆ ಒಯ್ಯಿರಿ. ಮುಂದೆ ದೂರು ಹೇಳಬೇಕಾಗಿ ಬಂದರೂ ಅವೆರಡನ್ನೇ ಒಯ್ಯಿರಿ. ನಿಮ್ಮ ದೂರಿನಲ್ಲಿ ಒಂದು ಪಾಲು ತಪ್ಪೆಂದು ತಿಳಿದುಬಂದರೆ, ನಮ್ಮ ಮಿತ್ರ ಮಾಡಿದಂತೆ ಅದನ್ನೂ ಅದೇ ಹಾಳೆಯಲ್ಲಿ ಬರೆದುಕೊಡಿರಿ.