ಅಡ್ಡಹೆಸರು ಕೊನೆಗಿರಲಿ, ಮೊದಲು ಊರು ಹುಡುಕಿ

ನಮ್ಮ ದೊಡ್ಡಪ್ಪನಿಗೆ ಈಗ 81. ಮುಂಬಯಿಯಲ್ಲಿ ದುಡಿದು, ಡೊಂಬಿವಲಿಯಲ್ಲಿ ಮನೆ ಮಾಡಿ ಅಲ್ಲೇ ನೆಲೆ ನಿಂತವರು. ಎರಡು ವರ್ಷದ ಹಿಂದೆ ಚವತಿಗೆ ಕುಮಟೆಯ ಮನೆಯಲ್ಲಿ ಎಲ್ಲರೂ ಸೇರಿದಾಗ ನನಗೊಂದು ಕೆಲಸ ಒಪ್ಪಿಸಿದರು. ಅವರ ಅಜ್ಜನಿಗೆ ರಾಮ ಎಂಬ ಅಣ್ಣ ಇದ್ದನಂತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಂಬಯಿಗೆಂದು ಹೋದವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿ ಬಾರದ್ದರಿಂದ ನಮ್ಮ ಮನೆಯಲ್ಲಿ ಅವನ ಹೆಸರಿಗೆ ಎಂದೂ ಎಡೆ ಇಟ್ಟಿಲ್ಲ. "ನೀನು ಭಾಷೆ ಓದಿದವಳು. ದಿನವಿಡೀ ಕಂಪ್ಯೂಟರಿನಲ್ಲೇ ಕೆಲಸ. ಅದರಲ್ಲಿ ಸಿಗ್ತದಾ ನೋಡು ತಂಗಿ" ಎಂದರು.

ಸಿಕ್ಕಿತು. ಪುಣೆಗೆ ಮರಳಿದ ಮೂರನೇ ರಾತ್ರಿ, ಮೆಸಪೊಟೇಮಿಯಾದಲ್ಲಿ ಸತ್ತ ಭಾರತೀಯ ಸಿಪಾಯಿಗಳ ಒಂದು ಪಟ್ಟಿಯ ಸ್ಕ್ಯಾನ್ ಪ್ರತಿಯಲ್ಲಿ 'ನಾಯ್ಕ್, ರಾಮಾ' ಎಂಬ ಸಾಲು ಕಂಡಿತು. ಮೊದಲು ಅಡ್ಡಹೆಸರು, ಆಮೇಲೆ ಅಲ್ಪವಿರಾಮ, ಆಮೇಲೆ ಹೆಸರು. ಇಂಗ್ಲಿಷ್ ಸೂಚಿಗಳು ಇರುವುದೇ ಹೀಗೆ ಎಂದುಕೊಂಡೆ. ಕಾಲವೂ ಹೊಂದುತ್ತಿತ್ತು. ತೆರೆಯ ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ದೊಡ್ಡಪ್ಪ ಫೋನ್ ಮಾಡಿ ಅತ್ತರು. ಆ ಮಹಾಲಯಕ್ಕೆ ನೂರು ವರ್ಷದ ಮೇಲೆ ರಾಮನಿಗೆ ಒಂದು ಎಡೆ ಇಟ್ಟರು.

ನಾಲ್ಕು ತಿಂಗಳ ನಂತರ ಬೇರೊಂದು ಅನುವಾದದ ಕೆಲಸಕ್ಕೆ ಅದೇ ಪಟ್ಟಿಯನ್ನು ತೆರೆದೆ. ಈ ಸಲ ಹುಡುಕಾಟ ಎತ್ತಿಕೊಟ್ಟ ಒಂದು ಸಾಲನ್ನಷ್ಟೇ ಅಲ್ಲ, ಇಡೀ ಪುಟ ನೋಡಿದೆ. ಮೊದಲ ಕಾಲಂನಲ್ಲಿ ಮೇಲಿಂದ ಕೆಳಗೆ ಸಿಪಾಯಿ, ಸಿಪಾಯಿ, ನಾಯ್ಕ್, ಹವಾಲ್ದಾರ್, ಸಿಪಾಯಿ ಎಂದಿತ್ತು. ನಾಯ್ಕ್ ಎಂದರೆ ಸೈನ್ಯದ ಹುದ್ದೆ, ಸಿಪಾಯಿಗಿಂತ ಮೇಲೆ, ಹವಾಲ್ದಾರನಿಗಿಂತ ಕೆಳಗೆ. ಆ ರಾಮನ ಊರು ಕೊನೆಯ ಕಾಲಂನಲ್ಲಿತ್ತು: ಸಾತಾರಾ ಜಿಲ್ಲೆಯ ಒಂದು ಹಳ್ಳಿ. ನಾವು ಎಡೆ ಇಟ್ಟಿದ್ದು ಬೇರೆಯವರ ಮಗನಿಗೆ.

ತಪ್ಪು ನನ್ನದು, ಯಂತ್ರದ್ದಲ್ಲ. ಆದರೆ ಇಂಥ ತಪ್ಪಿಗೆ ದಾರಿ ಮಾಡಿಕೊಡುವ ಒಂದು ನಂಬಿಕೆ ಇದೆ, ಈ ಬರಹ ಅದರ ಬಗ್ಗೆ. ಡಿಜಿಟಲ್ ಪತ್ರಾಗಾರಗಳ ಹುಡುಕುಪೆಟ್ಟಿಗೆ ನಮ್ಮನ್ನು ಮೊದಲು ಕೇಳುವುದು ಅಡ್ಡಹೆಸರನ್ನು. ಅಡ್ಡಹೆಸರು ಒಂದಾದರೆ ರಕ್ತವೂ ಒಂದೇ ಎಂದು ನಾವು ಸಲೀಸಾಗಿ ಒಪ್ಪಿಬಿಡುತ್ತೇವೆ. ಕನ್ನಡದ ಬಹುಪಾಲು ಮನೆಗಳ ಮಟ್ಟಿಗೆ ಇದು ಸುಳ್ಳು.

ನಮ್ಮದೇ ಹೆಸರನ್ನು ತೆಗೆದುಕೊಳ್ಳಿ. ಉತ್ತರ ಕನ್ನಡದಲ್ಲಿ ನಾಮಧಾರಿಗಳು ನಾಯ್ಕರು, ಅಂಕೋಲೆಯ ನಾಡವರು ನಾಯಕರು, ಗೌಡ ಸಾರಸ್ವತರಲ್ಲೂ ನಾಯಕರಿದ್ದಾರೆ. ಚಿತ್ರದುರ್ಗ, ಸುರಪುರಗಳ ಕಡೆ ಬೇಡ ನಾಯಕರು. ಬಂಜಾರರ ತಾಂಡಾಕ್ಕೊಬ್ಬ ನಾಯ್ಕ. ಒಡಿಶಾಕ್ಕೆ ಹೋದರೆ ಅಲ್ಲಿಯೂ ನಾಯಕರು. ಹೈದರಾಬಾದಿನ ಓದುಗರಿಗೆ ಇದೇ ಮಾತು 'ಗೌಡ'ದ ವಿಷಯದಲ್ಲಿ ಗೊತ್ತು. ತೆಲಂಗಾಣದ ಗೌಡ್ ಎಂದರೆ ಈಚಲು, ತಾಳೆ ಮರಗಳ ಕಸುಬಿನವರು. ಹಾಸನದ ಗೌಡರಿಗೂ ಅವರಿಗೂ ನೆಂಟಸ್ತಿಕೆ ಇಲ್ಲ. ಕುಲಕರ್ಣಿ, ದೇಸಾಯಿ, ದೇಶಪಾಂಡೆ, ಪಾಟೀಲ ಇವೆಲ್ಲ ಮೊದಲು ಹುದ್ದೆಗಳು. ಒಂದೊಂದು ಹಳ್ಳಿಗೂ ಒಬ್ಬೊಬ್ಬ ಪಾಟೀಲನಿದ್ದ. ಹಾಗಿರುವಾಗ ಎಲ್ಲ ಪಾಟೀಲರಿಗೂ ಒಬ್ಬನೇ ಮೂಲಪುರುಷ ಇರಲು ಸಾಧ್ಯವೇ?

ಇದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದು ಪದವೂ ಇಲ್ಲ. ಉತ್ತರದ ಕಡೆ 'ಅಡ್ಡಹೆಸರು' ಅಂದರೆ ಮನೆತನದ ಹೆಸರು. ಮೈಸೂರಿನ ಕಡೆ ಅದೇ ಪದಕ್ಕೆ ಗೆಳೆಯರು ಇಟ್ಟ ಹೆಸರು ಎಂಬ ಅರ್ಥ. ಅರ್ಜಿ ನಮೂನೆಗಳಲ್ಲಿ ಉಪನಾಮ, ಕುಲನಾಮ ಎಂದೆಲ್ಲ ಇರುತ್ತದೆ. ಮಾತಿನಲ್ಲಿ 'ಸರ್‌ನೇಮ್' ಅನ್ನುತ್ತೇವೆ. ಮುಂಬಯಿ ಪ್ರಾಂತದ ಭಾಗದಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂಬ ಸಾಲು ನಿಂತಿತು. ಹಳೇ ಮೈಸೂರಿನಲ್ಲಿ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ತನ್ನ ಹೆಸರು. ದೆಹಲಿಯಲ್ಲೋ ಪುಣೆಯಲ್ಲೋ ಬ್ಯಾಂಕ್ ಖಾತೆ ತೆರೆಯುವಾಗ 'ಕೊನೆಯ ಹೆಸರು' ಎಂಬ ಖಾನೆ ಎದುರಾಗಿ, ಹೊಳೆನರಸೀಪುರವನ್ನೋ ಅಪ್ಪನನ್ನೋ ಅಲ್ಲಿ ಕೂರಿಸಿ ಬಂದವರು ನಿಮ್ಮಲ್ಲೂ ಇದ್ದಾರು. ನಮ್ಮ ಮನೆಯಲ್ಲೇ ಅಪ್ಪನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾಯ್ಕ್, ರೇಷನ್ ಕಾರ್ಡಿನಲ್ಲಿ ನಾಯಕ್, ನನ್ನ ಪಾಸ್‌ಪೋರ್ಟಿನಲ್ಲಿ ನಾಯ್ಕಾ ಎಂದಿದೆ. ನಾಳೆ ನನ್ನ ಮೊಮ್ಮಕ್ಕಳು ಹುಡುಕಿದರೆ ನಾವು ಮೂರು ಕುಟುಂಬಗಳಾಗಿ ಸಿಗುತ್ತೇವೆ.

ಎಲ್ಲ ಕಡೆ ಹೀಗಿಲ್ಲ, ನಿಜ. ಕೊಡವರಲ್ಲಿ ಒಕ್ಕದ ಹೆಸರು ನಿಜವಾಗಿಯೂ ಒಂದು ಮನೆತನದ ಹೆಸರು. ಮಂಗಳೂರಿನ ಕ್ರೈಸ್ತರಿಗೆ ಇಗರ್ಜಿಯ ದೀಕ್ಷಾಸ್ನಾನದ ದಾಖಲೆಗಳಿವೆ. ಅಂಥವರಿಗೆ ಅಡ್ಡಹೆಸರಿನ ಹುಡುಕಾಟ ಫಲ ಕೊಟ್ಟೀತು. ಆದರೆ ಪಕ್ಕದ ತುಳುನಾಡಿನಲ್ಲೇ ಅಳಿಯಕಟ್ಟಿನ ಮನೆಗಳಲ್ಲಿ ಬಳಿ ತಾಯಿಯ ಕಡೆಯಿಂದ ಬರುತ್ತದೆ, ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಅಪ್ಪನ ಹೆಸರಿನ ಬೆನ್ನು ಹತ್ತಿದವರಿಗೆ ಅಲ್ಲಿ ಮನೆಯೇ ತಪ್ಪುತ್ತದೆ.

ಅಡ್ಡಹೆಸರಿನ ಹುಡುಕಾಟಕ್ಕೆ ಇನ್ನೊಂದು ದೋಷವಿದೆ, ನನಗೆ ಅದೇ ದೊಡ್ಡದು. ಅದು ಹುದ್ದೆ, ಪಿಂಚಣಿ, ಇನಾಮು, ಮೊಕದ್ದಮೆ ಇದ್ದವರನ್ನು ಎತ್ತಿ ಕೊಡುತ್ತದೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ತಾಣದಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುವುದು ಕಡತಗಳ ಇಂಗ್ಲಿಷ್ ಶೀರ್ಷಿಕೆಗಳು. ಶೀರ್ಷಿಕೆಯಲ್ಲಿ ಹೆಸರು ಬರಬೇಕಾದರೆ ಒಬ್ಬ ಅಧಿಕಾರಿ ನಮ್ಮವನೊಬ್ಬನ ಬಗ್ಗೆ ಕಡತ ತೆರೆದಿರಬೇಕು. ಬರೀ 'ತಿಮ್ಮ' ಎಂದು ಕರೆಸಿಕೊಂಡ ಕೂಲಿಯಾಳು ಅಲ್ಲಿಲ್ಲ. ಹೆಂಗಸರಂತೂ ಸಿಗುವುದು ತೀರಾ ಕಡಿಮೆ. ಹೀಗೆ ಸಿಕ್ಕ ನಾಲ್ಕು ದೊಡ್ಡ ಹೆಸರುಗಳನ್ನು ಜೋಡಿಸಿ 'ನಮ್ಮ ಮನೆತನದ ಇತಿಹಾಸ' ಎಂದು ಸ್ಮರಣ ಸಂಚಿಕೆ ಅಚ್ಚು ಹಾಕಿಸುವವರು ಹೆಚ್ಚಾಗುತ್ತಿದ್ದಾರೆ. ಸಿಗದವರನ್ನು ಬಿಟ್ಟು ಕಟ್ಟಿದ ಇತಿಹಾಸ ಅದು. ಎಷ್ಟೋ ಸಲ ಬೇರೆಯವರನ್ನು ಸೇರಿಸಿಕೊಂಡದ್ದೂ ಹೌದು.

ಹಾಗಾದರೆ ಹುಡುಕುವುದು ಹೇಗೆ? ಯಂತ್ರ ಬರುವ ಮೊದಲು ಈ ಕೆಲಸ ಮಾಡುತ್ತಿದ್ದವರನ್ನು ನೋಡಿ. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರು ಊರೂರು, ಮನೆಮನೆ ತಿರುಗಿ ಲೆಕ್ಕ ಇಟ್ಟವರು. ಹರಿದ್ವಾರದ ಪಂಡಾಗಳ ವಹಿಗಳು ಊರು ಮತ್ತು ಜಾತಿಯ ಮೇಲೆ ಜೋಡಣೆಯಾದವು. ಅವನ್ನು ಮೈಕ್ರೋಫಿಲ್ಮ್ ಮಾಡಿ ಈಗ ಫ್ಯಾಮಿಲಿಸರ್ಚ್ ತಾಣದಲ್ಲಿ ಇಟ್ಟಿದ್ದಾರೆ. ಪಂಡಾ ಮೊದಲು ಕೇಳುವುದೇ 'ಯಾವ ಊರು' ಎಂದು. ನಮ್ಮ ಸರ್ಕಾರದ 'ಭೂಮಿ' ಯೋಜನೆಯೂ ಹಾಗೆಯೇ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ಆ ವ್ಯವಸ್ಥೆಯಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಇಳಿಯುತ್ತ ಹೋಗಬೇಕು. ಕನ್ನಡ ಲಿಪಿಯಲ್ಲೇ ಹೆಸರುಗಳಿವೆ. ಹಳೇ ಮೈಸೂರಿನಲ್ಲಿ 'ಬಿನ್' ಎಂದರೆ ಇಂಥವನ ಮಗ, 'ಕೋಂ' ಎಂದರೆ ಇಂಥವನ ಹೆಂಡತಿ. ನನ್ನ ಮುತ್ತಜ್ಜಿಯ ಹೆಸರನ್ನು ನಾನು ಮೊದಲ ಸಲ ಓದಿದ್ದು ತಾಲೂಕು ಕಚೇರಿಯಿಂದ ತೆಗೆಸಿದ ಒಂದು ಹಳೆಯ ಕೈಬರಹದ ಪಹಣಿಯಲ್ಲಿ, ಆ 'ಕೋಂ' ಎಂಬ ಎರಡಕ್ಷರದ ಎಡಕ್ಕೆ. ಅಲ್ಲಿ ಅವಳಿಗೆ ಅಡ್ಡಹೆಸರು ಇರಲಿಲ್ಲ. ಹನ್ನೊಂದು ಗುಂಟೆ ಗದ್ದೆ ಇತ್ತು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಅನುಕೂಲವಿದೆ, ಅದನ್ನು ನಾವು ಗಮನಿಸಿದ್ದು ಕಡಿಮೆ. ಊರು ಯಾವುದೆಂದು ಗೊತ್ತಾದರೆ ಅದು ಯಾವ ಕಾಲದಲ್ಲಿ ಯಾರ ಆಳ್ವಿಕೆಯಲ್ಲಿತ್ತು ಎಂಬುದು ತಿಳಿಯುತ್ತದೆ, ಅದರಿಂದ ಕಾಗದ ಎಲ್ಲಿದ್ದೀತು ಎಂಬುದೂ ತಿಳಿಯುತ್ತದೆ. ನಮ್ಮ ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮುಂಬಯಿಗೆ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನವು. ಧಾರವಾಡ, ಬೆಳಗಾವಿ ಮುಂಬಯಿಯವು. ಅಲ್ಲಿನ ಹಳೆಯ ಕಾಗದಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮರವು. ಅಲ್ಲಿ ಪಾರಸಿ, ಆಮೇಲೆ ಉರ್ದು. ಈ ಕಾಗದಗಳ ದೊಡ್ಡ ಪಾಲಿಗೆ ಹುಡುಕುಪೆಟ್ಟಿಗೆಯೇ ಇಲ್ಲ. ಆದರೆ ಅವು ಇರುವುದು ಚೆನ್ನೈನ ಎಗ್ಮೋರಿನಲ್ಲಿ, ಮುಂಬಯಿಯ ರಾಜ್ಯ ಪತ್ರಾಗಾರದಲ್ಲಿ, ಹೈದರಾಬಾದಿನ ತಾರ್ನಾಕದಲ್ಲಿ. ಇವುಗಳಿಗೆ ನಿಮ್ಮ ಮನೆಯಿಂದ ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ಹೋಗಿ ಬರಬಹುದು. ಊರಿನ ಅಣ್ಣತಮ್ಮಂದಿರಿಗೆ ಅದು ರಾತ್ರಿ ಪ್ರಯಾಣ. ಒಂದು ಅರ್ಜಿ, ಒಂದು ಗುರುತಿನ ಚೀಟಿ, ಮೋಡಿಯೋ ಉರ್ದುವೋ ಓದಬಲ್ಲ ಒಬ್ಬ ಜತೆಗಾರ ಇದ್ದರೆ ಕೆಲಸ ಶುರು ಮಾಡಬಹುದು.

ಪತ್ರಾಗಾರಗಳಿಂದ ನಾನು ಬಯಸುವುದು ಎರಡು. ಹೆಸರಿನಷ್ಟೇ ಮುತುವರ್ಜಿಯಿಂದ ಊರು, ತಾಲೂಕುಗಳ ಸೂಚಿ ಮಾಡಲಿ. ಧಾರವಾಡ ಎಂದು ಕನ್ನಡದಲ್ಲಿ ಬರೆದರೆ ಹಳೆಯ 'ಧಾರ್ವಾರ್' ಕೂಡ ಸಿಗುವಂತಾಗಲಿ. ಮತ್ತೆ, ಸಿಕ್ಕ ಸಾಲಿನ ಜೊತೆ ಆ ಪುಟದ ಕಾಲಂಗಳ ತಲೆಬರಹವನ್ನೂ ತೋರಿಸಲಿ. ಎರಡನೆಯದು ಇದ್ದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ನಾವು ಮಾಡಬೇಕಾದ್ದು ಒಂದೇ. ಅಪ್ಪನ ಹೆಸರು, ಊರು, ಕಾಲ ಈ ಮೂರೂ ಹೊಂದುವವರೆಗೆ ಯಾರನ್ನೂ 'ನಮ್ಮವರು' ಎಂದು ಗುಂಪಿಗೆ ಹಾಕದಿರುವುದು.

ದೊಡ್ಡಪ್ಪನಿಗೆ ಹೇಳಲು ನನಗೆ ಎರಡು ವಾರ ಬೇಕಾಯಿತು. ಫೋನಿನಲ್ಲಿ ಹೇಳಲಾಗದೆ ಡೊಂಬಿವಲಿಗೇ ಹೋದೆ. ಪುಟದ ಪ್ರತಿಯನ್ನು ಮುಂದಿಟ್ಟು ಕಾಲಂಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಸಾತಾರಾದ ಆ ಹಳ್ಳಿಯ ಹೆಸರಿನ ಮೇಲೆ ಬೆರಳಿಟ್ಟು, "ಇವನ ಮನೆಯವ್ರಿಗೆ ಇದು ಗೊತ್ತಿದ್ದೀತಾ?" ಎಂದು ಕೇಳಿದರು.

ಪುಣೆಯಿಂದ ಸಾತಾರಾ ದೂರವಲ್ಲ. ಆ ಹಳ್ಳಿಯ ಗ್ರಾಮಪಂಚಾಯತಿಗೆ ಮರಾಠಿಯಲ್ಲಿ ಒಂದು ಪತ್ರ ಬರೆದು ಪುಟದ ಪ್ರತಿ ಇಟ್ಟು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮಳೆ ನಿಂತ ಮೇಲೆ ಹೋಗಿ ಬರಬೇಕೆಂದಿದ್ದೇನೆ. ನಮ್ಮ ರಾಮ ಸಿಕ್ಕಿಲ್ಲ.