ಎತ್ತರದ ಮೈಯವಳು

ಸಂಸ್ಕೃತದಲ್ಲಿ ‘ದುರ್ಗ’ವೆಂದರೆ ಸುಲಭವಾಗಿ ಹೋಗಲಾಗದ ಸ್ಥಳ, ಆದುದರಿಂದಲೇ ಕೋಟೆಗೆ ಆ ಹೆಸರು ಬಂದಿತು. ಈ ಶಬ್ದದ ಅರ್ಥವನ್ನು ನಾನು ಎಷ್ಟೋ ವರ್ಷ ಪಾಠಶಾಲೆಯಲ್ಲಿ ಹೇಳಿಕೊಟ್ಟವನು. ಆದರೂ ಯಾರೂ ಕಟ್ಟದೆ ತಾನಾಗಿಯೇ ದುರ್ಗವಾದ ಒಂದು ದ್ವೀಪದ ವೃತ್ತಾಂತವನ್ನು ಓದಿದಾಗ ಅದರ ಸ್ವಾರಸ್ಯವು ಚೆನ್ನಾಗಿ ಮನದಟ್ಟಾಯಿತು.

ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿ ಡೊಮಿನಿಕಾ ಎಂಬ ದ್ವೀಪವುಂಟು. 1493ರ ನವೆಂಬರಿನಲ್ಲಿ ಕೊಲಂಬಸನು ಒಂದು ಭಾನುವಾರ ಅದನ್ನು ಕಂಡು, ಲ್ಯಾಟಿನಿನಲ್ಲಿ ಆ ವಾರಕ್ಕಿರುವ ಹೆಸರನ್ನೇ ಅದಕ್ಕಿಟ್ಟನು. ಅಲ್ಲಿಯ ಮೂಲನಿವಾಸಿಗಳಾದ ಕಲಿನಾಗೋ ಜನರು ಅದನ್ನು ‘ವೈಟುಕುಬುಲಿ’ ಎಂದು ಕರೆಯುತ್ತಿದ್ದರು. ‘ಅವಳ ಮೈ ಎತ್ತರವಾದುದು’ ಎಂದು ಇದರ ಅರ್ಥ. ಕೊಲಂಬಸನು ಪಂಚಾಂಗವನ್ನು ನೋಡಿ ಹೆಸರಿಟ್ಟನು, ಅವರು ನೆಲವನ್ನು ನೋಡಿ ಇಟ್ಟರು. ಸುಮಾರು 750 ಚದರ ಕಿಲೋಮೀಟರು ವಿಸ್ತಾರದ ಆ ಪುಟ್ಟ ದ್ವೀಪದಲ್ಲಿ 1,400 ಮೀಟರಿಗೂ ಮಿಕ್ಕಿದ ಶಿಖರವಿದೆ. ಜ್ವಾಲಾಮುಖಿಗಳಿಂದ ಹುಟ್ಟಿದ ನೆಲವಾದುದರಿಂದ, ಭೂಮಿಯೊಳಗಿನ ಬಿಸಿ ಆವಿಯು ಮೇಲೆದ್ದು ಕುದಿಸುವ ಒಂದು ಸರೋವರವೂ ಅಲ್ಲಿದೆ.

ನೆರೆಯ ದ್ವೀಪಗಳಲ್ಲಿ ಯೂರೋಪಿನವರು ಕಾಡನ್ನು ಕಡಿದು ಕಬ್ಬನ್ನು ಬೆಳೆದರು. ಡೊಮಿನಿಕಾದ ಕಡಿದಾದ ಬೆಟ್ಟಗಳು ಆ ಬೇಸಾಯಕ್ಕೆ ಅಷ್ಟಾಗಿ ಒಗ್ಗಲಿಲ್ಲ. ಆ ಬೆಟ್ಟಗಳೇ ಕಲಿನಾಗೋ ಜನರಿಗೂ, ತೋಟಗಳ ದಾಸ್ಯದಿಂದ ತಪ್ಪಿಸಿಕೊಂಡ ಆಫ್ರಿಕನರಿಗೂ ಆಶ್ರಯವಾದುವು. 1903ರಲ್ಲಿ ಬ್ರಿಟಿಷರು ಪೂರ್ವತೀರದ ಸುಮಾರು 3,700 ಎಕರೆ ನೆಲವನ್ನು ಕಲಿನಾಗೋ ಜನರಿಗೆಂದು ಗೊತ್ತುಮಾಡಿದರು. ಇಂದಿಗೂ ಅದು ಸಮುದಾಯದ ಸ್ವತ್ತು. ಅವರಲ್ಲಿ ಒಬ್ಬರಾದ ಸಿಲ್ವಾನಿ ಬರ್ಟನ್ ಎಂಬ ಮಹಿಳೆಯು 2023ರಲ್ಲಿ ಆ ದೇಶದ ಅಧ್ಯಕ್ಷ ಪದವಿಯನ್ನೇರಿದರು.

ಆದರೆ ಯಾವ ದುರ್ಗವೂ ಎಲ್ಲ ಶತ್ರುಗಳನ್ನೂ ತಡೆಯಲಾರದು. 2017ರ ಸೆಪ್ಟೆಂಬರ್ 18ರ ರಾತ್ರಿ ‘ಮರಿಯಾ’ ಎಂಬ ಚಂಡಮಾರುತವು ದ್ವೀಪದ ಮೇಲೆ ಎರಗಿತು. ಅನೇಕರು ಪ್ರಾಣ ಕಳೆದುಕೊಂಡರು. ಮನೆಗಳ ಮಾಡುಗಳು ಹಾರಿಹೋದುವು. ಹಸುರು ಬೆಟ್ಟಗಳು ಒಂದೇ ರಾತ್ರಿಯಲ್ಲಿ ಎಲೆ ಕಳೆದುಕೊಂಡು ಕಂದಾದುವು. ಆ ನಾಡಿನ ಧ್ವಜದಲ್ಲಿರುವ ಸಿಸ್ಸೆರೂ ಗಿಳಿಗೆ ಈ ಕಾಡುಗಳ ಹೊರತು ಬೇರೆ ನೆಲೆಯೇ ಇಲ್ಲ. ದೈವವಶಾತ್ ಅದರ ಸಂತಾನವು ಅಳಿಯಲಿಲ್ಲ, ಕಾಡೂ ಮತ್ತೆ ಚಿಗುರಿತು. ಸಮುದ್ರವು ಬಿಸಿಯಾದಷ್ಟೂ ಇಂತಹ ಗಾಳಿಗೆ ಬಲ ಹೆಚ್ಚುವುದು. ಆ ಬಿಸಿಗೆ ಕಾರಣವಾದ ಹೊಗೆಯಲ್ಲಿ ದೂರದ ನಾಡುಗಳ ಪಾಲೇ ಹೆಚ್ಚು.

ವಾಚಕರು ಮಕ್ಕಳೊಡನೆ ಭೂಪಟವನ್ನು ಬಿಚ್ಚಿ, ಗ್ವಾಡೆಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳ ನಡುವೆ ನೋಡಲಿ. ಅಲ್ಲಿ ಕಾಣುವ ಚುಕ್ಕೆಯ ಮೊದಲಿನ ಹೆಸರನ್ನೂ, ಅದರ ಅರ್ಥವನ್ನೂ ಮರೆಯದೆ ಹೇಳಿಕೊಡಲಿ.